ಬಾಸ್ಟನ್ನಿನ ಕೋಸು, ನ್ಯೂರಿಯ ಗಡಿ

2019ರ ಸೆಪ್ಟೆಂಬರ್ 24. ಐರೋಪ್ಯ ಒಕ್ಕೂಟದಿಂದ ಬ್ರಿಟನ್ ಹೊರಬರುವ 'ಬ್ರೆಕ್ಸಿಟ್' ಬಗ್ಗೆ, 2016ರ ಜನಮತದಿಂದ ಶುರುವಾದ ಜಗಳ ಇನ್ನೂ ನಡೆದೇ ಇತ್ತು. ಅಕ್ಕನ ಜೊತೆ ವೆಸ್ಟ್‌ಮಿನ್‌ಸ್ಟರ್ ಟ್ಯೂಬ್ ನಿಲ್ದಾಣದಿಂದ ಮೇಲೆ ಬರುವಷ್ಟರಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಹೊರಬಿದ್ದಾಗಿತ್ತು. ಪ್ರಧಾನಿ ಬೋರಿಸ್ ಜಾನ್ಸನ್ ಐದು ವಾರ ಸಂಸತ್ತಿನ ಬಾಗಿಲು ಹಾಕಿಸಿದ್ದು ಕಾನೂನುಬಾಹಿರ ಎಂದು ಹನ್ನೊಂದು ನ್ಯಾಯಮೂರ್ತಿಗಳೂ ಒಮ್ಮತದಿಂದ ಹೇಳಿದ್ದರು. ಸಂಸತ್ತಿನ ಎದುರಿಗಿರುವ ಕಾಲೇಜ್ ಗ್ರೀನ್ ಎಂಬ ಹುಲ್ಲುಹಾಸಿನ ತುಂಬ ಟಿವಿಯವರ ಡೇರೆಗಳು, ಅವುಗಳ ಸುತ್ತ ಕೂಗಾಟ. ಒಂದು ಕಡೆ ಒಕ್ಕೂಟದಲ್ಲೇ ಉಳಿಯೋಣ (ರಿಮೇನ್) ಎಂದು ಅದರ ಬಾವುಟದ ಹಾಗೆ ನೀಲಿ ಟೋಪಿಗೆ ಹಳದಿ ನಕ್ಷತ್ರ ಹಚ್ಚಿಕೊಂಡ ಹೆಂಗಸರು. ಇನ್ನೊಂದು ಕಡೆ 'ಲೀವ್ ಮೀನ್ಸ್ ಲೀವ್', ಅಂದರೆ ಹೊರಹೋಗುವುದೆಂದರೆ ಹೊರಹೋಗುವುದೇ ಎಂಬ ಫಲಕ ಹಿಡಿದವರು. ಹೋಗುವ ಕಾರುಗಳು ಇವರಿಗೋ ಅವರಿಗೋ ಹಾರ್ನ್ ಹೊಡೆದು ಬೆಂಬಲ ಹೇಳುತ್ತಿದ್ದವು.

ನಾನು ತುಂಬ ಹೊತ್ತು ನಿಂತು ಕೇಳಿದ್ದು ಇಬ್ಬರು ವಯಸ್ಸಾದವರ ಜಗಳವನ್ನು. ನಾವು ಆರಿಸದ ಜನ ಒಕ್ಕೂಟದ ಕೇಂದ್ರವಾದ ಬ್ರಸೆಲ್ಸ್‌ನಲ್ಲಿ ಕೂತು ಮಾಡಿದ ಕಾನೂನಿಗೆ ನಾವೇಕೆ ತಲೆಬಾಗಬೇಕು ಎಂದು ಗಂಡಸು ಕೇಳಿದ. ಐರೋಪ್ಯ ಸಂಸತ್ತಿಗೆ ಮೇ ತಿಂಗಳಲ್ಲಿ ತಾನೇ ಚುನಾವಣೆ ನಡೆಯಿತಲ್ಲ, ಆಗ ವೋಟು ಹಾಕಲಿಲ್ಲವೇ ಎಂದಳು ಹೆಂಗಸು. ಆ ಸಂಸತ್ತು ತಾನಾಗಿ ಮಸೂದೆ ತರುವ ಹಾಗಿಲ್ಲ, ತರುವುದು ಒಕ್ಕೂಟದ ಆಡಳಿತ ನಡೆಸುವ ಆಯೋಗ, ಆಯೋಗಕ್ಕೆ ಯಾರು ವೋಟು ಹಾಕಿದ್ದಾರೆ ಎಂದ ಅವನು. ಈ ಮಾತಿನಲ್ಲಿ ಹುರುಳಿದೆ ಎಂದು ನನಗೆ ಆಗಲೇ ಅನ್ನಿಸಿತು, ಈಗಲೂ ಅನ್ನಿಸುತ್ತದೆ. ಒಕ್ಕೂಟದ ದೇಶಗಳ ಮಂತ್ರಿಗಳ ಸಭೆಯಲ್ಲಿ ಬ್ರಿಟನ್ನಿನ ಮಂತ್ರಿಯೂ ಕೂತಿರುತ್ತಾನೆ ಎಂದು ಅವಳು ಹೇಳಿದ್ದೂ ಸುಳ್ಳಲ್ಲ. ಇಬ್ಬರೂ ವಿಷಯ ಬಲ್ಲವರು. ಮೂರು ವರ್ಷದಿಂದ ಇಡೀ ದೇಶ ಹೀಗೆ ಕಾನೂನು ಪುಸ್ತಕ ಬಿಚ್ಚಿಟ್ಟುಕೊಂಡು ಬೀದಿಯಲ್ಲಿ ವಾದ ಮಾಡುತ್ತಿತ್ತು. ಹೊರಗಿನ ಸರಕಿಗೆ ಒಂದೇ ಸುಂಕ ಹಾಕುವ ಸುಂಕದ ಒಕ್ಕೂಟಕ್ಕೂ ಒಳಗೆಲ್ಲ ಒಂದೇ ನಿಯಮವಿರುವ ಏಕ ಮಾರುಕಟ್ಟೆಗೂ ಏನು ವ್ಯತ್ಯಾಸ ಎಂದು ಬಸ್ ಸ್ಟಾಪಿನಲ್ಲಿ ಜನ ಮಾತಾಡಿಕೊಳ್ಳುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅಲ್ಲಿಂದ ಲ್ಯಾಂಬೆತ್ ಸೇತುವೆ ದಾಟಿ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ಗೆ ನಡೆದೆವು. 2015ರ ನವೆಂಬರ್‌ನಲ್ಲಿ ಪ್ರಧಾನಿ ಮೋದಿ ಅನಾವರಣ ಮಾಡಿದ ಬಸವಣ್ಣನವರ ಪ್ರತಿಮೆ ಇರುವುದು ಅಲ್ಲೇ. ಕೈಮುಗಿದು ಬೆಂಚಿನ ಮೇಲೆ ಕೂತಾಗ ಅಕ್ಕ ಹೇಳಿದಳು: "ನಾನು ರಿಮೇನ್‌ಗೆ ಹಾಕ್ದೆ ಕಣೋ. ನಿಮ್ಮ ಭಾವ ಲೀವ್‌ಗೆ ಹಾಕಿದ್ರು. ಮನೇಲಿ ಆ ಮಾತೆತ್ತಬೇಡ, ಊಟ ಕೆಡುತ್ತೆ."

ಆಗ ಇಬ್ಬರ ಕೈಯಲ್ಲೂ ಇದ್ದದ್ದು ಭಾರತದ ಪಾಸ್‌ಪೋರ್ಟೇ. 2016ರ ಜೂನ್ 23ರ ಜನಮತಗಣನೆಯಲ್ಲಿ ಬ್ರಿಟನ್ನಿನಲ್ಲಿ ನೆಲೆಸಿದ ಕಾಮನ್‌ವೆಲ್ತ್ ದೇಶಗಳ ಪ್ರಜೆಗಳಿಗೂ ಮತದ ಹಕ್ಕಿತ್ತು. ಶ್ರೀನಿವಾಸಪುರದಿಂದ ಹೋಗಿ ಕೆಲವೇ ವರ್ಷಗಳಾಗಿದ್ದ ನಮ್ಮ ಅಕ್ಕ ಬ್ರಿಟನ್ನಿನ ಭವಿಷ್ಯಕ್ಕೆ ವೋಟು ಹಾಕಬಹುದಿತ್ತು. ಹತ್ತಾರು ವರ್ಷದಿಂದ ಅಲ್ಲೇ ದುಡಿದು ತೆರಿಗೆ ಕಟ್ಟುತ್ತಿದ್ದ ಪೋಲೆಂಡಿನವರಿಗೋ ಲಿಥುವೇನಿಯಾದವರಿಗೋ ಆ ಹಕ್ಕಿರಲಿಲ್ಲ. ಐರೋಪ್ಯ ಒಕ್ಕೂಟದ ಪ್ರಜೆಗಳಲ್ಲಿ ಐರ್ಲೆಂಡ್, ಮಾಲ್ಟಾ, ಸೈಪ್ರಸ್‌ನವರನ್ನು ಬಿಟ್ಟು ಉಳಿದವರೆಲ್ಲ ಹೊರಗೆ. ಹೊರಹೋಗಬೇಕು ಎಂದವರು 1,74,10,742, ಉಳಿಯಬೇಕು ಎಂದವರು 1,61,41,241. ಯಾರ ಬದುಕು ಎಲ್ಲರಿಗಿಂತ ಹೆಚ್ಚು ಅಲುಗಾಡಲಿತ್ತೋ ಅವರು ಈ ಎರಡು ಲೆಕ್ಕದಲ್ಲೂ ಇಲ್ಲ. ಇದು ಅನ್ಯಾಯ ಎಂದು ನನಗೆ ಅಲ್ಲೇ ಅನ್ನಿಸಿತು. ಮುಂದೆ ಎಲ್ಲಿ ಹೋದರೂ ಆ ಜನರನ್ನು ಹುಡುಕುವುದೇ ನನ್ನ ಓಡಾಟದ ಕೆಲಸವಾಯಿತು.

ರೆಡಿಂಗ್‌ನ ಮನೆಯಲ್ಲಿ ಮಾತೆತ್ತಿದ್ದು ಭಾವನೇ. ಮೊಸರನ್ನ ಕಲಸುತ್ತ ಶುರು ಮಾಡಿದರು. "ನೋಡಪ್ಪ, ನಿಮ್ಮ ಅಕ್ಕ ಇಲ್ಲಿನ ಸರ್ಕಾರಿ ಆಸ್ಪತ್ರೇಲಿ ನರ್ಸು. ಅದೇ ಆಸ್ಪತ್ರೆಗಳಿಗೆ ಅಂತ ವೀಸಾ ಜೊತೆ ಸರ್‌ಚಾರ್ಜ್ ಕಟ್ಟಿದೀವಿ. ಇಂಗ್ಲಿಷ್ ಪರೀಕ್ಷೆ ಬರೆದಿದೀವಿ. ಯೂರೋಪಿನವರು ಬಸ್ ಹತ್ತಿ ಬಂದು ಇಳೀತಾರೆ. ಎಲ್ಲರಿಗೂ ಒಂದೇ ನಿಯಮ ಇರಲಿ ಅಂದ್ರೆ ತಪ್ಪಾ?" ಇದು ಅವರೊಬ್ಬರ ಮಾತಲ್ಲ. ಅಲ್ಲಿ ನಾನು ಭೇಟಿಯಾದ ನಮ್ಮವರಲ್ಲಿ ಹಲವರು ಇದನ್ನೇ ಹೇಳಿದರು. ಒಕ್ಕೂಟದಿಂದ ಹೊರಬಂದರೆ ಕರಿ ಹೋಟೆಲುಗಳಿಗೆ ನಮ್ಮ ಕಡೆಯ ಅಡುಗೆಯವರು ಸುಲಭವಾಗಿ ಸಿಗುತ್ತಾರೆ ಎಂದು ಆಗಿನ ಮಂತ್ರಿ ಪ್ರೀತಿ ಪಟೇಲ್ 2016ರಲ್ಲಿ ಪ್ರಚಾರ ಮಾಡಿದ್ದನ್ನು ನಂಬಿದವರೂ ಇದ್ದರು.

ಆಮೇಲೆ ಮಾವಿನಹಣ್ಣಿನ ವಿಷಯ ಬಂತು. ನಮ್ಮ ಮನೆಯದು ಮಾವಿನ ತೋಟ, ಹಾಗಾಗಿ ನನಗೂ ನೆನಪಿತ್ತು. ಭಾರತದಿಂದ ಹೋದ ಹಣ್ಣಿನಲ್ಲಿ ಹಣ್ಣುನೊಣದ ಹುಳು ಸಿಕ್ಕಿತೆಂದು 2014ರ ಮೇ 1ರಿಂದ ಒಕ್ಕೂಟ ನಮ್ಮ ಮಾವನ್ನು ನಿಷೇಧಿಸಿತು. ಜೊತೆಗೆ ಹಾಗಲ, ಪಡವಲ, ಬದನೆಗೂ ತಡೆ. ಬ್ರಿಟನ್ನಿನ ಅಂಗಡಿಗಳಲ್ಲಿ ಆ ಬೇಸಿಗೆ ನಮ್ಮ ಬಾದಾಮಿ, ಅಂದರೆ ಅಲ್ಫೋನ್ಸೊ, ಇರಲಿಲ್ಲ. "ಬ್ರಸೆಲ್ಸ್‌ನೋರು ನಮ್ಮ ಹಣ್ಣಿಗೂ ಕಲ್ಲು ಹಾಕಿದ್ರು" ಎಂದರು ಭಾವ. ನಾನು ಒಪ್ಪಲಿಲ್ಲ. ಆ ನಿಷೇಧವನ್ನು ಆಗ ಬ್ರಿಟನ್ ಸರ್ಕಾರವೇ ಸಮರ್ಥಿಸಿಕೊಂಡಿತ್ತು. ಗಾಜಿನ ಮನೆಗಳಲ್ಲಿ ಬೆಳೆಯುವ ತಮ್ಮ ಟೊಮೆಟೊ, ಸೌತೆಗೆ ಈ ಕೀಟ ಅಂಟಬಾರದು ಎಂಬುದು ಅವರ ಚಿಂತೆ. ನಮ್ಮ ರಫ್ತಿನ ಪ್ಯಾಕ್‌ಹೌಸ್‌ಗಳಲ್ಲಿ ತಪಾಸಣೆ ಬಿಗಿಯಾಯಿತು, ಮರು ವರ್ಷವೇ ಮಾವಿನ ನಿಷೇಧ ತೆರವಾಯಿತು. ಹುಳು ಬಿದ್ದ ಹಣ್ಣು ಬೇಡ ಎಂದರೆ ಅದು ದಬ್ಬಾಳಿಕೆಯಲ್ಲ. ಬೆಳೆಗಾರನ ಮಗನಾಗಿ ನಾನು ಇದನ್ನು ಹೇಳಿದೆ. ಭಾವ ಸುಮ್ಮನೆ ಉಪ್ಪಿನಕಾಯಿ ಬಡಿಸಿಕೊಂಡರು.

ಆ ಶನಿವಾರ ಕಿಂಗ್ಸ್ ಕ್ರಾಸ್‌ನಿಂದ ರೈಲು ಹಿಡಿದು, ಗ್ರಾಂತಮ್‌ನಲ್ಲಿ ಬದಲಾಯಿಸಿ ಲಿಂಕನ್‌ಶೈರ್‌ನ ಬಾಸ್ಟನ್ ತಲುಪಿದೆ. ನಿಲ್ದಾಣಗಳಲ್ಲೆಲ್ಲ ಅಕ್ಟೋಬರ್ 31ಕ್ಕೆ ಬ್ರೆಕ್ಸಿಟ್‌ಗೆ ಸಿದ್ಧರಾಗಿ ಎಂಬ ಸರ್ಕಾರಿ ಜಾಹೀರಾತು ಮಿನುಗುತ್ತಿತ್ತು. ಹೊರಹೋಗಬೇಕೆಂದು ದೇಶದಲ್ಲೇ ಅತಿ ಹೆಚ್ಚು, ಶೇ 75.6ರಷ್ಟು ಮತ ಬಿದ್ದ ಊರು ಬಾಸ್ಟನ್. ಗ್ರಾಂತಮ್ ದಾಟಿದ ಮೇಲೆ ನೆಲ ತಟ್ಟೆಯಂತೆ ಸಪಾಟು. ಜೌಗು ಬಸಿದು ಮಾಡಿದ ಕಪ್ಪು ಮಣ್ಣಿನಲ್ಲಿ ಕಣ್ಣು ಹಾಯುವವರೆಗೂ ಎಲೆಕೋಸು, ಹೂಕೋಸು. ಒಂದು ಹೊಲದಲ್ಲಿ ಟ್ರಾಕ್ಟರಿನ ಹಿಂದೆ ಹತ್ತು ಹನ್ನೆರಡು ಜನ ಸೊಂಟ ಬಗ್ಗಿಸಿ ಕೊಯ್ಯುತ್ತ ಹೋಗುತ್ತಿದ್ದರು. ಎಲ್ಲರ ಮೈಮೇಲೂ ಹಳದಿ ರೇನ್‌ಕೋಟು. ಕೊಯ್ದ ಕೋಸು ಅಲ್ಲೇ, ಟ್ರಾಕ್ಟರಿಗೆ ಕಟ್ಟಿದ ಗಾಡಿಯಲ್ಲೇ ಪೊಟ್ಟಣವಾಗುತ್ತಿತ್ತು.

ಈ ಊರು ಕಟ್ಟಿದ್ದೇ ಯೂರೋಪಿನ ವ್ಯಾಪಾರದಿಂದ. ಮಧ್ಯಯುಗದಲ್ಲಿ ಇಲ್ಲಿಂದ ಉಣ್ಣೆ ಹಡಗು ಹತ್ತುತ್ತಿತ್ತು, ಜರ್ಮನಿಯ ಹ್ಯಾನ್ಸ್ ಎಂಬ ಸಂಘದ ವರ್ತಕರು ಇಲ್ಲಿ ಕೋಠಿ ಇಟ್ಟಿದ್ದರು. ಆ ದುಡ್ಡಿನಲ್ಲಿ ಎದ್ದದ್ದು ಸೇಂಟ್ ಬೊಟಾಲ್ಫ್ ಚರ್ಚಿನ ಗೋಪುರ. 80 ಮೀಟರಿಗೂ ಎತ್ತರ, ಮೈಲಿಗಳಾಚೆಯಿಂದಲೇ ಕಾಣುತ್ತದೆ. ಅದರ ಕೆಳಗೇ ಸಂತೆ. ತಕ್ಕಡಿಗಳ ಪಕ್ಕ ಬೆಲೆ ಪೌಂಡು ತೂಕಕ್ಕೂ ಇತ್ತು, ಕಿಲೋಗೂ ಇತ್ತು. 2000ದಲ್ಲಿ ಸಂಡರ್‌ಲ್ಯಾಂಡ್‌ನ ಸ್ಟೀವ್ ಥೋಬರ್ನ್ ಎಂಬ ವ್ಯಾಪಾರಿಯ ತಕ್ಕಡಿಯನ್ನು, ಒಕ್ಕೂಟದ ಕಿಲೋ ನಿಯಮ ಮೀರಿ ಬಾಳೆಹಣ್ಣನ್ನು ಪೌಂಡಿನಲ್ಲಿ ತೂಗಿದನೆಂದು ಅಧಿಕಾರಿಗಳು ಹೊತ್ತೊಯ್ದಿದ್ದರು, ಮರುವರ್ಷ ಅಪರಾಧಿ ಎಂಬ ತೀರ್ಪೂ ಬಂತು. ಅಪ್ಪನ ಕಾಲದ ತಕ್ಕಡಿ ಅಪರಾಧವಾಗುವುದನ್ನು ಯಾವ ಊರಿನ ಜನ ಸಹಿಸುತ್ತಾರೆ? ಅಂಥದ್ದೊಂದು ಪ್ರಕರಣ ನೂರು ಒಳ್ಳೆಯ ನಿಯಮಗಳ ಹೆಸರು ಕೆಡಿಸಿತು.

ಸಂತೆಯಲ್ಲಿ ಆಲೂಗಡ್ಡೆ ಕೊಳ್ಳುತ್ತಿದ್ದ ಒಬ್ಬ ಮುದುಕ ಮಾತಿಗೆ ಸಿಕ್ಕ. ಹರೆಯದಲ್ಲಿ ಅವನೂ ಹೊಲದ ಕೆಲಸ ಮಾಡಿದವನು. 2004ರಲ್ಲಿ ಪೂರ್ವ ಯೂರೋಪಿನ ದೇಶಗಳು ಒಕ್ಕೂಟ ಸೇರಿದಾಗ ಜರ್ಮನಿ, ಫ್ರಾನ್ಸ್ ಬಾಗಿಲು ತಡೆಹಿಡಿದವು, ಬ್ರಿಟನ್ ಕೂಡಲೇ ತೆರೆಯಿತು. 2001ರಿಂದ 2011ರೊಳಗೆ ಬಾಸ್ಟನ್ನಿನ ಜನಸಂಖ್ಯೆ ಶೇ 16ರಷ್ಟು ಏರಿತು. ಒಂದು ಮನೆಯಲ್ಲಿ ಹತ್ತು ಜನ ಇರತೊಡಗಿದರು, ಬಾಡಿಗೆ ಏರಿತು, ಡಾಕ್ಟರ ಹತ್ತಿರ ಸರದಿ ಬೆಳೆಯಿತು, ಹೊಲದ ಕೂಲಿ ಮಾತ್ರ ನಿಂತಲ್ಲೇ ನಿಂತಿತು ಎಂದ. ಬಂದವರ ಮೇಲೆ ಅವನಿಗೆ ಸಿಟ್ಟಿರಲಿಲ್ಲ. ಯಾರೂ ನಮ್ಮನ್ನು ಕೇಳಲಿಲ್ಲ, ಆಮೇಲೆ ಬಂದು ನೋಡಲೂ ಇಲ್ಲ ಎಂಬುದೇ ಅವನ ಸಂಕಟ. ಲಂಡನ್ನಿನಲ್ಲಿ ಇಂಥವರನ್ನು ದಡ್ಡರು ಎಂದು ಹೇಳಿದವರನ್ನು ನಾನು ಕೇಳಿದ್ದೆ. ಆ ಮಾತು ತಪ್ಪು. ವಾರಕ್ಕೆ 35 ಕೋಟಿ ಪೌಂಡು ಬ್ರಸೆಲ್ಸ್‌ಗೆ ಹೋಗುತ್ತದೆ ಎಂದು ಲೀವ್ ಪ್ರಚಾರದ ಕೆಂಪು ಬಸ್ಸಿನ ಮೇಲೆ ಬರೆಸಿದವರು ಬ್ರಿಟನ್ನಿಗೆ ಸಿಗುತ್ತಿದ್ದ ರಿಯಾಯಿತಿಯನ್ನು ಕಳೆಯದೆ ಲೆಕ್ಕ ಹೇಳಿದರು, ಅದು ಮೋಸ. ಆದರೆ ಈ ಮುದುಕ ವೋಟು ಹಾಕಿದ್ದು ಬಸ್ಸು ನೋಡಿ ಅಲ್ಲ, ತನ್ನ ಬೀದಿ ನೋಡಿ.

ವೆಸ್ಟ್ ಸ್ಟ್ರೀಟಿನಲ್ಲಿ ಸಾಲಾಗಿ ಪೋಲಿಷ್, ಲಿಥುವೇನಿಯನ್ ಅಂಗಡಿಗಳು. ಒಂದರೊಳಗೆ ಹೊಕ್ಕೆ. ಗಲ್ಲಾಪೆಟ್ಟಿಗೆಯಲ್ಲಿದ್ದಾಕೆ ಮೊದಲು ಕೋಸಿನ ಹೊಲದಲ್ಲಿ ದುಡಿದು, ಆಮೇಲೆ ಅಂಗಡಿಗೆ ಸೇರಿದವಳು. ಬ್ರಿಟನ್ನಿನಲ್ಲೇ ಉಳಿಯಲು ಐರ್ಲೆಂಡಿನವರನ್ನು ಬಿಟ್ಟು ಒಕ್ಕೂಟದ ಉಳಿದ ಪ್ರಜೆಗಳು ಹೊಸದಾಗಿ ಅರ್ಜಿ ಹಾಕಬೇಕಿತ್ತು. ಪಾಸ್‌ಪೋರ್ಟಿನ ಚಿಪ್ ಓದುವ ಸರ್ಕಾರಿ ಆ್ಯಪ್ ಆಗ ಆಂಡ್ರಾಯ್ಡ್ ಫೋನಿನಲ್ಲಿ ಮಾತ್ರ ನಡೆಯುತ್ತಿತ್ತು, ಐಫೋನಿಗೆ ಇನ್ನೂ ಬಂದಿರಲಿಲ್ಲ. ಅವಳು ಯಾರದೋ ಹಳೆಯ ಆಂಡ್ರಾಯ್ಡ್ ತರಿಸಿಟ್ಟುಕೊಂಡಿದ್ದಳು. ಗಿರಾಕಿಗಳು ಬ್ರೆಡ್ಡು ಕೊಂಡು, ಅದೇ ಫೋನನ್ನು ಪಾಸ್‌ಪೋರ್ಟಿನ ಮೇಲಿಟ್ಟು, ಹಸಿರು ಗುರುತು ಬರಲೆಂದು ಉಸಿರು ಬಿಗಿಹಿಡಿದು ಕಾಯುತ್ತಿದ್ದರು. ಒಬ್ಬ ಹುಡುಗನಿಗೆ ಮೂರನೆಯ ಸಲ ಗುರುತು ಬಂತು. ನೀವು ಭಾರತದವರು ವೋಟು ಹಾಕಿದಿರಂತಲ್ಲ ಎಂದು ಆಕೆ ಮೆಲ್ಲಗೆ ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ.

ಐರ್ಲೆಂಡಿಗೆ ಹೋಗಲೇಬೇಕೆಂದು ನಾನು ಮೊದಲೇ ನಿಶ್ಚಯಿಸಿದ್ದೆ. ಏಕೆಂದರೆ ಹಿಂದಿನ ಪ್ರಧಾನಿ ತೆರೆಸಾ ಮೇ ಅವರ ಬ್ರೆಕ್ಸಿಟ್ ಒಪ್ಪಂದ ಸಂಸತ್ತಿನಲ್ಲಿ 2019ರ ಜನವರಿ 15ರಂದು 432-202 ಮತಗಳಿಂದ ಬಿದ್ದುಹೋಗಲು ದೊಡ್ಡ ಕಾರಣ ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡಿಗೂ ಒಕ್ಕೂಟದಲ್ಲೇ ಉಳಿಯುವ ಐರ್ಲೆಂಡ್ ಗಣರಾಜ್ಯಕ್ಕೂ ನಡುವಿನ ಗಡಿಯೇ. ಬೆಲ್‌ಫಾಸ್ಟ್‌ನಿಂದ ಡಬ್ಲಿನ್ ಕಡೆ ಹೋಗುವ ಎಂಟರ್‌ಪ್ರೈಸ್ ರೈಲಿನಲ್ಲಿ ನ್ಯೂರಿಗೆ ಬಂದು, ಅಲ್ಲಿಂದ ಟ್ಯಾಕ್ಸಿ ಹಿಡಿದೆ. ಗಡಿ ತೋರಿಸಿ ಎಂದೆ. ಐವತ್ತು ದಾಟಿದ ಚಾಲಕ ಹಳೆಯ ಡಬ್ಲಿನ್ ರಸ್ತೆಯಲ್ಲಿ ಸ್ವಲ್ಪ ದೂರ ಓಡಿಸಿ, ಪಕ್ಕಕ್ಕೆ ನಿಲ್ಲಿಸಿ, ಆಗಲೇ ದಾಟಿಯಾಯಿತು ಎಂದ.

ಇಳಿದು ಹಿಂದಕ್ಕೆ ನಡೆದೆ. ರಸ್ತೆಯಂಚಿನ ಬಿಳಿ ಗೆರೆ ಒಂದು ಕಡೆ ನಿಂತು ಹಳದಿ ಗೆರೆ ಶುರುವಾಗಿತ್ತು. ವೇಗದ ಫಲಕ ಮೈಲಿಯಿಂದ ಕಿಲೋಮೀಟರಿಗೆ ತಿರುಗಿತ್ತು. ಹಣ ಬದಲಾಯಿಸುವ ಒಂದು ಸಣ್ಣ ಅಂಗಡಿ, ಗಡಿ ಕಾವಲು ಬೇಡ ಎಂದು ಸ್ಥಳೀಯರು ನೆಟ್ಟ ಒಂದು ಫಲಕ. ಅಷ್ಟೇ. ಜೇಬಿನಲ್ಲಿ ಫೋನು ಗುನುಗಿತು: ಐರ್ಲೆಂಡಿಗೆ ಸ್ವಾಗತ, ಇಲ್ಲಿಯೂ ನಿಮ್ಮ ಪ್ಲಾನ್ ಹಾಗೇ ನಡೆಯುತ್ತದೆ. ಒಕ್ಕೂಟದೊಳಗೆ ರೋಮಿಂಗ್ ಶುಲ್ಕ 2017ರ ಜೂನ್‌ನಿಂದ ರದ್ದಾಗಿದ್ದದ್ದೂ ಬ್ರಸೆಲ್ಸ್‌ನ ನಿಯಮವೇ. ನನ್ನ ಬ್ರಿಟಿಷ್ ವೀಸಾದ ಮೇಲೆ ಐರ್ಲೆಂಡಿಗೂ ಸಲ್ಲುವಂತೆ ಬಿ.ಐ.ವಿ.ಎಸ್. ಎಂದು ಅಚ್ಚಾಗಿತ್ತು. ಅದನ್ನು ತೋರಿಸು ಎನ್ನುವವರು ಆ ರಸ್ತೆಯಲ್ಲಿ ಯಾರೂ ಇರಲಿಲ್ಲ.

ಚಾಲಕ ತನ್ನ ಬಾಲ್ಯ ಹೇಳಿದ. ಅಜ್ಜಿಯ ಮನೆ ಡಂಡಾಕ್‌ನಲ್ಲಿ, 20 ಕಿಲೋಮೀಟರ್ ದೂರ. ಆಗ ಅರ್ಧ ದಿನವೇ ಬೇಕಿತ್ತು. ಸುಂಕದವರು ಡಿಕ್ಕಿ ತೆಗೆಸುತ್ತಿದ್ದರು, ಸೈನಿಕರು ಅಪ್ಪನನ್ನು ಮಳೆಯಲ್ಲಿ ಇಳಿಸಿ ನಿಲ್ಲಿಸುತ್ತಿದ್ದರು. 1972ರ ಆಗಸ್ಟ್‌ನಲ್ಲಿ ನ್ಯೂರಿಯ ಸುಂಕದ ಕಚೇರಿಯಲ್ಲಿ ಬಾಂಬು ಸಿಡಿದು ಒಂಬತ್ತು ಜನ ಸತ್ತರು. ಸುಂಕದ ಕಟ್ಟೆಗಳು ಹೋದದ್ದು 1993ರ ಜನವರಿ 1ರಂದು, ಏಕ ಮಾರುಕಟ್ಟೆ ಜಾರಿಗೆ ಬಂದ ದಿನ. ಎರಡೂ ಕಡೆ ಹಾಲಿಗೆ, ಮಾಂಸಕ್ಕೆ, ಔಷಧಿಗೆ ಒಂದೇ ನಿಯಮವಾದ ಮೇಲೆ ಲಾರಿ ನಿಲ್ಲಿಸಿ ನೋಡಲು ಏನೂ ಉಳಿಯಲಿಲ್ಲ. ಉತ್ತರ ಐರ್ಲೆಂಡಿನ ಹಿಂಸಾಚಾರಕ್ಕೆ ಕೊನೆ ಹಾಡಿದ 1998ರ ಏಪ್ರಿಲ್ 10ರ ಗುಡ್ ಫ್ರೈಡೇ ಒಪ್ಪಂದದ ನಂತರ ಬೆಟ್ಟದ ಮೇಲಿನ ಸೇನಾ ಗೋಪುರಗಳೂ ಇಳಿದವು. ಸುಮಾರು 500 ಕಿಲೋಮೀಟರ್ ಗಡಿ, ದಾಟಲು 200ಕ್ಕೂ ಹೆಚ್ಚು ಕಡೆ ರಸ್ತೆ. ಡಬ್ಲಿನ್ನಿನಲ್ಲಿ ತಯಾರಾದ ಗಿನ್ನೆಸ್ ಬೆಲ್‌ಫಾಸ್ಟ್‌ಗೆ ಟ್ಯಾಂಕರಿನಲ್ಲಿ ಬಂದು, ಡಬ್ಬಿ ಸೇರಿ, ರಫ್ತಿಗೆಂದು ಮತ್ತೆ ಡಬ್ಲಿನ್ನಿಗೆ ಹೋಗುತ್ತದೆ. ಉತ್ತರದ ಹಸುಗಳ ಹಾಲಿನ ದೊಡ್ಡ ಪಾಲು ದಕ್ಷಿಣದ ಡೈರಿಗಳಲ್ಲಿ ಬೆಣ್ಣೆ, ಚೀಸ್ ಆಗುತ್ತದೆ.

ಕಾಲೇಜ್ ಗ್ರೀನ್‌ನಲ್ಲಿ ಕೇಳಿದ ವಾದಗಳಲ್ಲಿ ನಿಯಮ ಎಂದರೆ ಎಲ್ಲೋ ದೂರದಿಂದ ಬಂದು ಕೊರಳಿಗೆ ಬಿದ್ದ ಭಾರ. ಇಲ್ಲಿ ಅವೇ ನಿಯಮಗಳು ಒಬ್ಬ ಹುಡುಗನನ್ನು ಅಜ್ಜಿಯ ಮನೆಗೆ ತಡೆಯಿಲ್ಲದೆ ತಲುಪಿಸಿದ್ದವು. ಉತ್ತರ ಐರ್ಲೆಂಡ್ ಶೇ 55.8ರಷ್ಟು ಮತದಿಂದ ಉಳಿಯಬೇಕು ಎಂದಿತ್ತು, ಆದರೆ ಆ ಗಡಿಯ ಹೆಸರು ಜನಮತದ ಪ್ರಚಾರದಲ್ಲಿ ಇಂಗ್ಲೆಂಡಿನವರ ಬಾಯಲ್ಲಿ ಬಂದದ್ದೇ ಅಪರೂಪ. ನನಗೆ ಆ ರಸ್ತೆಯಲ್ಲಿ ನಿಂತಾಗ ಸಿಟ್ಟೇ ಬಂತು.

2020ರ ಜನವರಿ 31ರ ರಾತ್ರಿ 11ಕ್ಕೆ ಬ್ರಿಟನ್ ಹೊರಬಿತ್ತು. ನ್ಯೂರಿಯ ರಸ್ತೆ ತಡೆಯಿಲ್ಲದೆ ಹಾಗೇ ಉಳಿಯಿತು. ಬದಲಿಗೆ 2021ರಲ್ಲಿ, ಬ್ರಿಟನ್ ದ್ವೀಪಕ್ಕೂ ಐರ್ಲೆಂಡಿಗೂ ನಡುವಿನ ಐರಿಷ್ ಸಮುದ್ರದ ಬಂದರುಗಳಲ್ಲಿ ತಪಾಸಣೆ ಬಂತು, ಅದೇ ವರ್ಷ ಇಂಗ್ಲೆಂಡಿನ ಸಾಸೇಜ್ ಬೆಲ್‌ಫಾಸ್ಟ್‌ಗೆ ಹೋಗಬಹುದೇ ಎಂದು ಬ್ರಿಟನ್ನೂ ಒಕ್ಕೂಟವೂ ಹಗ್ಗ ಜಗ್ಗಿದವು. 2023ರಲ್ಲಿ ವಿಂಡ್ಸರ್ ಚೌಕಟ್ಟು ಎಂಬ ಒಪ್ಪಂದದಡಿ ಇಬ್ಬರೂ ರಾಜಿಯಾಗಿ, ಉತ್ತರ ಐರ್ಲೆಂಡಿಗೆ ಹೋಗುವ ಹಾಲು, ಮಾಂಸದ ಪೊಟ್ಟಣಗಳ ಮೇಲೆ 'ಒಕ್ಕೂಟಕ್ಕಲ್ಲ' ಎಂಬ ಚೀಟಿ ಕೂತಿತು. ನಿಯಮ ಕಡಿಮೆಯಾಗಲಿ ಎಂದು ಹೊರಟವರು ಒಂದೇ ದೇಶದೊಳಗೆ ಹೊಸ ನಿಯಮ ಬರೆಸಿದರು.

ಭಾವ ಬಯಸಿದ್ದು ಆಯಿತು. 2021ರಿಂದ ಯೂರೋಪಿನವರಿಗೂ ನಮ್ಮವರಿಗೂ ಒಂದೇ ವೀಸಾ ನಿಯಮ. ಅಕ್ಕನ ವಾರ್ಡಿನಲ್ಲಿ ಈಗ ಕೇರಳದ, ಕರ್ನಾಟಕದ ಹುಡುಗಿಯರೇ ಹೆಚ್ಚು. ಬಾಸ್ಟನ್ನಿನ ಮುದುಕ ಬಯಸಿದ್ದು ಆಗಲಿಲ್ಲ: 2023ರ ಜೂನ್‌ಗೆ ಮುಗಿದ ವರ್ಷದಲ್ಲಿ ಹೋದವರನ್ನು ಕಳೆದು ಬ್ರಿಟನ್ನಿಗೆ ಹೆಚ್ಚಾದ ವಲಸಿಗರು 9 ಲಕ್ಷ ದಾಟಿದರು. ಬ್ರಿಟನ್ನಿನ ಹೊಲಗಳಿಗೆ ಆಮೇಲೆ ನೇಪಾಳ, ಇಂಡೋನೇಷ್ಯಾ, ಕಿರ್ಗಿಸ್ತಾನದಿಂದ ಆರು ತಿಂಗಳ ವೀಸಾದ ಮೇಲೆ ಜನ ಬರತೊಡಗಿದರು. ಹೆಂಡತಿ ಮಕ್ಕಳನ್ನು ಕರೆತರುವಂತಿಲ್ಲ, ಅವಧಿ ಮುಗಿದರೆ ಹೊರಡಬೇಕು. ಅನೇಕರು ಬರುವುದೇ ಸಾಲ ಮಾಡಿಕೊಂಡು. ವೆಸ್ಟ್ ಸ್ಟ್ರೀಟಿನ ಆ ಹೆಂಗಸಿಗೆ ನೆಲೆಸಲು ಅರ್ಜಿ ಹಾಕುವ ದಾರಿಯಾದರೂ ಇತ್ತು. ಇವರಿಗೆ ಅದೂ ಇಲ್ಲ. ಮತ್ತೆ ರೆಡಿಂಗ್‌ಗೆ ಹೋದಾಗ ಭಾವನನ್ನು ಬಾಸ್ಟನ್ನಿನ ಸಂತೆಗೆ ಕರೆದುಕೊಂಡು ಹೋಗಬೇಕೆಂದಿದ್ದೇನೆ. ಬರುತ್ತೇನೆ ಎಂದು ಅವರೂ ಒಪ್ಪಿದ್ದಾರೆ.