ಲ್ಯಾಬಿನ ಚರ್ಮವೋ, ತೊಡೆಯ ಚರ್ಮವೋ?

ಬಳ್ಳಾರಿಯಲ್ಲಿ ಸುಟ್ಟಗಾಯಗಳ ವಾರ್ಡಿನ ನರ್ಸ್ ನಾನು. ರೋಗಿಗಳ ಮನೆಯವರು ಈಚೆಗೆ ಮೊಬೈಲ್‌ನಲ್ಲಿ ಏನೋ ನೋಡಿಕೊಂಡು ಬಂದು ಕೇಳುತ್ತಾರೆ: "ಸಿಸ್ಟರ್, ಲ್ಯಾಬಿನಲ್ಲಿ ಚರ್ಮ ಬೆಳೆಸುತ್ತಾರಂತಲ್ಲ, ಸುಟ್ಟ ಜಾಗಕ್ಕೆ ಕಸಿ ಮಾಡಲು ತೊಡೆಯದನ್ನು ಯಾಕೆ ತೆಗೆಯಬೇಕು?" ಸುಟ್ಟ ಮೈಗೆ ಇನ್ನೊಂದು ಗಾಯ ಬೇಡವೆನ್ನುವ ಅವರ ಸಂಕಟ ನ್ಯಾಯವಾದದ್ದೇ. ಅದಕ್ಕೇ ಕುಳಿತು ಹೇಳುತ್ತೇನೆ.

ರೋಗಿಯ ಚೂರು ಚರ್ಮದಿಂದ ಕೋಶಗಳನ್ನು ತೆಗೆದು ಹಾಳೆಯಾಗಿ ಬೆಳೆಸುವ ದಾರಿಯನ್ನು ಅಮೆರಿಕದ ವಿಜ್ಞಾನಿಗಳಾದ ರೈನ್‌ವಾಲ್ಡ್ ಮತ್ತು ಗ್ರೀನ್ 1975ರಲ್ಲೇ ತೋರಿಸಿದರು. ಮೈಯೆಲ್ಲ ಸುಟ್ಟು, ಕಸಿಗೆ ಒಳ್ಳೆಯ ಚರ್ಮವೇ ಉಳಿಯದವರಿಗೆ ಅದು ದೊಡ್ಡ ಆಸರೆ. ಆದರೆ ಹಾಳೆ ಸಿದ್ಧವಾಗಲು ಎರಡು ಮೂರು ವಾರ ಬೇಕು. ಅಲ್ಲಿಯವರೆಗೆ ಗಾಯ ಮುಚ್ಚಲು ದಾನಿಗಳ ಚರ್ಮ ಬೇಕಾಗುತ್ತದೆ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಅದಕ್ಕಾಗಿ ಚರ್ಮ ಬ್ಯಾಂಕ್ ಇದೆ. ಕಣ್ಣಿನಂತೆ ಚರ್ಮವನ್ನೂ ಸತ್ತ ಮೇಲೆ ದಾನ ಮಾಡಬಹುದೆಂದು ನಮ್ಮ ಕಡೆ ಇನ್ನೂ ಹೆಚ್ಚು ಜನರಿಗೆ ತಿಳಿಯಬೇಕು.

ಇಷ್ಟಾಗಿ ಕೈಗೆ ಬರುವುದು ಕೆಲವೇ ಕೋಶಗಳಷ್ಟು ದಪ್ಪದ ಹೊರಚರ್ಮ. ಅಡಿಯಲ್ಲಿ ಒಳಚರ್ಮದ ಆಧಾರ ಇಲ್ಲದಿದ್ದರೆ ಬೊಬ್ಬೆ ಏಳುತ್ತದೆ, ಸ್ವಲ್ಪ ಉಜ್ಜಿದರೂ ಕಿತ್ತು ಬರುತ್ತದೆ. ಒಳಚರ್ಮವನ್ನೂ ಸೇರಿಸಿ ಬೆಳೆಸಿದ ಸ್ಟ್ರಾಟಾಗ್ರಾಫ್ಟ್ ಎಂಬ ಲ್ಯಾಬಿನ ಚರ್ಮಕ್ಕೆ 2021ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿದೆ. ಅದೂ ರೋಗಿಯ ಒಳಚರ್ಮ ಒಂದಿಷ್ಟು ಉಳಿದಿರುವ ಗಾಯಗಳಿಗೆ ಮಾತ್ರ.

ತೊಡೆಯಿಂದ ತೆಗೆಯುವ ತೆಳು ಪದರದಲ್ಲಿ ಒಳಚರ್ಮದ ಅಂಶವೂ ಇರುತ್ತದೆ. ಕಸಿ ಬಾಳಿಕೆ ಬರುವುದು ಅದರಿಂದಲೇ. ಪದರಕ್ಕೆ ಸಣ್ಣ ಸಣ್ಣ ಸೀಳು ಕೊಟ್ಟು ಬಲೆಯಂತೆ ಹಿಗ್ಗಿಸಿದರೆ ಹೆಚ್ಚು ಜಾಗ ಮುಚ್ಚುತ್ತದೆ, ಅಡಿಯ ನೀರೂ ಹೊರಹೋಗುತ್ತದೆ. ಸಾಮಾನ್ಯವಾಗಿ ಐದನೇ ದಿನ ಡ್ರೆಸ್ಸಿಂಗ್ ಬಿಚ್ಚುವಾಗ ಸಲೈನ್ ಸುರಿದು, ಗಾಜ್ ಬಟ್ಟೆ ಪೂರ್ತಿ ನೆನೆದ ಮೇಲೆ ಒಂದೊಂದೇ ಎಳೆ ಬಿಡಿಸುತ್ತೇನೆ. ಬಲೆಯ ಕಣ್ಣುಗಳ ನಡುವೆ ತಿಳಿಗುಲಾಬಿ ಬಣ್ಣ ಕಂಡರೆ ಕಸಿ ಹಿಡಿದಿದೆ. ತೊಡೆಯ ಗಾಯ ಸುಮಾರು ಎರಡು ವಾರದಲ್ಲಿ ಮಾಯುತ್ತದೆ. ಅಂಟಿದ ಪಟ್ಟಿ ತಾನಾಗಿ ಬಿಡುವವರೆಗೆ ಎಳೆಯಬಾರದು, ಅಷ್ಟೇ.

ಇನ್ನೊಂದು ವಿಷಯವನ್ನು ಯಾರೂ ಕೇಳುವುದಿಲ್ಲ, ನಾನೇ ಹೇಳುತ್ತೇನೆ. ಲ್ಯಾಬಿನ ಹಾಳೆಯಲ್ಲಿ ಬೆವರಿನ ಗ್ರಂಥಿಗಳಿಲ್ಲ. ತೆಳು ಕಸಿಯೂ ಸರಿಯಾಗಿ ಬೆವರುವುದಿಲ್ಲ. ಬಳ್ಳಾರಿಯ ಬಿಸಿಲಿನಲ್ಲಿ ಇದು ಸಣ್ಣ ಮಾತಲ್ಲ. ಕಬ್ಬಿಣದ ಕಾರ್ಖಾನೆಗೆ ಮರಳುವವರಿಗೆ, ಕುಲುಮೆಯಿಂದ ದೂರದ ಕೆಲಸ ಕೇಳಿಕೊಳ್ಳಿ, ಮೈ ಕಾದಾಗ ನೆರಳಿಗೆ ಬಂದು ಒದ್ದೆ ಬಟ್ಟೆ ಹಾಕಿಕೊಳ್ಳಿ ಎಂದು ಡಿಸ್ಚಾರ್ಜ್ ಆಗುವ ದಿನವೇ ಮನೆಯವರೆದುರು ಹೇಳಿ ಕಳಿಸುತ್ತೇನೆ.