80 ಇಂಚೋ, 91 ಇಂಚೋ: ತೋಟದ ದಾರಿಗೊಂದು ಜೀಪು

ಡಿಸೆಂಬರ್, ಮೊದಲ ವಾರ

ಚಿಕ್ಕಮಗಳೂರಿನ ಆಲ್ದೂರು ಕಡೆಯಿಂದ ಬಂದರೆ ಟಾರು ಮುಗಿದ ಮೇಲೆ ನಮ್ಮ ಕಾಫಿ ತೋಟಕ್ಕೆ ಎರಡೂವರೆ ಕಿಲೋಮೀಟರ್ ಮಣ್ಣು ದಾರಿ. ಏಳು ಹೇರ್‌ಪಿನ್ ತಿರುವು, ನಡುವೆ ಅಜ್ಜನ ಕಾಲದ ಒಂದು ಕಲ್ಲು ಮೋರಿ, ಕೊನೆಯಲ್ಲಿ ಕಣದ ಹಿಂದಿನ ಏರು. ಚಿಕ್ಕವಳಿದ್ದಾಗ ಅಪ್ಪನ ತೊಡೆ ಮೇಲೆ ಕೂತು ಸ್ಟೇರಿಂಗ್ ಹಿಡಿದದ್ದು ಇದೇ ದಾರಿಯಲ್ಲಿ. ಆ ಜೀಪು ಮಾರಿ ಹದಿನೈದು ವರ್ಷವಾಯಿತು. ಈ ಸಲ ಅರೇಬಿಕಾ ಕುಯ್ಲು ಮುಗಿಯುವುದರೊಳಗೆ ಒಂದು ಹಳೇ ಜೀಪು ತಂದು, ಭಾನುವಾರಗಳಲ್ಲಿ ನಮ್ಮ ತೋಟ, ಪರಿಚಯದವರ ತೋಟಗಳ ಒಳದಾರಿಗಳಲ್ಲಿ ಓಡಿಸಬೇಕು ಅಂತ ತೀರ್ಮಾನ ಮಾಡಿದ್ದೇನೆ. ಕಾಡಿನೊಳಗೆ ಹೋಗುವುದಿಲ್ಲ. ಮೀಸಲು ಅರಣ್ಯದಲ್ಲಿ ಅನುಮತಿ ಇಲ್ಲದೆ ಗಾಡಿ ಓಡಿಸುವುದು ಅಪರಾಧ, ಅಲ್ಲಿನ ಹುಲ್ಲುಗಾವಲಿನಲ್ಲಿ ಚಕ್ರದ ಗುರುತು ಬಿದ್ದರೆ ಎಷ್ಟೋ ಮಳೆಗಾಲ ಮಾಯುವುದಿಲ್ಲ.

ತೀರ್ಮಾನವಾಗದೆ ಉಳಿದಿರುವುದು ಒಂದೇ. ಶಾರ್ಟ್ ಚಾಸಿಯೋ, ಲಾಂಗ್ ಚಾಸಿಯೋ?

ನಮ್ಮ ಕಡೆ ಸಿಗುವ ಹಳೇ ಜೀಪುಗಳಲ್ಲಿ ಶಾರ್ಟ್ ಚಾಸಿ ಅಂದರೆ ಸಿಜೆ-3ಬಿ ಜಾತಿಯದ್ದು, ಅದಕ್ಕೆ ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ 80 ಇಂಚು, ಅಂದರೆ 2.03 ಮೀಟರ್. ಪಕ್ಕದ ತೋಟದ ಗೌಡ್ರ ಹತ್ತಿರ ಇರುವ ಉದ್ದ ಚಾಸಿಯ ಡೀಸೆಲ್ ಜೀಪಿಗೆ ಟೇಪು ಹಿಡಿದೆ, 91 ಇಂಚು ಬಂತು. ಹನ್ನೊಂದು ಇಂಚು ಅಂದರೆ ಒಂದು ಗೇಣು, ಮೇಲೆ ಎರಡು ಬೆರಳು. ಇಷ್ಟಕ್ಕೆ ಇಷ್ಟೊಂದು ಯೋಚನೆಯಾ ಅಂತ ಅಪ್ಪ ಕೇಳಿದರು.

ಡಿಸೆಂಬರ್, ಮೂರನೇ ವಾರ

ಅಳತೆ ಕೆಲಸ ಶುರು. ಗಾಡಿ ನೋಡುವ ಮೊದಲು ದಾರಿ ಅಳೆಯಬೇಕು ಅನ್ನಿಸಿತು.

ಐದನೇ ತಿರುವು ಏಳರಲ್ಲಿ ಅತ್ಯಂತ ಬಿಗಿ. ಒಳಬದಿಗೆ ಕಲ್ಲು ಕಟ್ಟಿದ ಬದು, ಹೊರಬದಿಗೆ ಇಳಿಜಾರು ಪಟ್ಟೆ. ಗೂಟ ಹೊಡೆದು ಹಗ್ಗ ಸುತ್ತಿಸಿ ನೋಡಿದರೆ ಹೊರಗಿನ ಅಂಚಿಗೆ ಸುಮಾರು 6 ಮೀಟರ್ ತ್ರಿಜ್ಯ, ದಾರಿಯ ಅಗಲ 2.1 ಮೀಟರ್. ಗಾಡಿ ತಿರುಗುವಾಗ ಹಿಂದಿನ ಚಕ್ರ ಮುಂದಿನದರ ಜಾಡಿನಲ್ಲೇ ಬರುವುದಿಲ್ಲ, ಒಳಕ್ಕೆ ಕಡಿದುಕೊಂಡು ಬರುತ್ತದೆ. ಎಷ್ಟು ಕಡಿಯುತ್ತದೆ ಅನ್ನುವುದು ಹೈಸ್ಕೂಲಿನ ಪೈಥಾಗೊರಸ್ ಲೆಕ್ಕವೇ: ತ್ರಿಜ್ಯದ ವರ್ಗದಿಂದ ಚಕ್ರಗಳ ಅಂತರದ ವರ್ಗ ಕಳೆದು, ವರ್ಗಮೂಲ ತೆಗೆದು, ಅದನ್ನು ತ್ರಿಜ್ಯದಿಂದ ಕಳೆದರೆ ಆಯಿತು. 80 ಇಂಚಿಗೆ 35 ಸೆಂಟಿಮೀಟರ್, 91ಕ್ಕೆ 46. ಜೀಪಿನ ಟೈರಿನಿಂದ ಟೈರಿಗೆ ಹೊರ ಅಗಲ 1.4 ಮೀಟರ್ ಹಿಡಿದರೆ, ಗಿಡ್ಡ ಜೀಪಿಗೆ ಆ ತಿರುವಿನಲ್ಲಿ 35 ಸೆಂಟಿಮೀಟರ್ ಜಾಗ ಮಿಗುತ್ತದೆ, ಉದ್ದದ್ದಕ್ಕೆ 24. ಹೊರಗಿನ ಅಂಚು ಆಷಾಢದಲ್ಲಿ ಪ್ರತಿವರ್ಷ ಒಂದಿಷ್ಟು ಜರಿಯುವ ದಾರಿ ಇದು. ಆ 11 ಸೆಂಟಿಮೀಟರ್ ನನಗೆ ಸಣ್ಣದಾಗಿ ಕಾಣಲಿಲ್ಲ.

ಕುತೂಹಲಕ್ಕೆ ಹೊಸ ಗಾಡಿಗಳಿಗೂ ಇದೇ ಲೆಕ್ಕ ಹಾಕಿದೆ. ಐದು ಬಾಗಿಲಿನ ಜಿಮ್ನಿಗೆ 2.59 ಮೀಟರ್ ಅಂತರ, ಒಳಕ್ಕೆ ಕಡಿಯುವುದು 59 ಸೆಂಟಿಮೀಟರ್. ಥಾರ್ ರಾಕ್ಸ್ 2.85 ಮೀಟರ್, 72 ಸೆಂಟಿಮೀಟರ್. ಅವುಗಳ ಅಗಲವೂ ಜಾಸ್ತಿ. ಐದನೇ ತಿರುವಿನಲ್ಲಿ ರಿವರ್ಸ್ ಹಾಕದೆ ಗತಿಯಿಲ್ಲ.

ಮೋರಿಯ ಉಬ್ಬನ್ನು ಅಳೆಯಲು ತೋಟದ ಲೆಕ್ಕ ಬರೆಯುವ ರೈಟರ್ ಒಂದು ಉಪಾಯ ಹೇಳಿಕೊಟ್ಟರು. ಉಬ್ಬಿನ ಎರಡೂ ಬದಿಗೆ ನೆಲದಿಂದ 60 ಸೆಂಟಿಮೀಟರ್ ಎತ್ತರಕ್ಕೆ ಗೂಟ, ನಡುವೆ ದಾರ, ಗೂಟಗಳ ಅಂತರ ಸರಿಯಾಗಿ 80 ಇಂಚು. ನೆತ್ತಿಯ ಮೇಲೆ ದಾರಕ್ಕೂ ನೆಲಕ್ಕೂ 41 ಸೆಂಟಿಮೀಟರ್, ಅಂದರೆ ಉಬ್ಬು 19. ಗೂಟಗಳನ್ನು 91 ಇಂಚಿಗೆ ಸರಿಸಿ ನೋಡಿದರೆ ಅದೇ ಉಬ್ಬು 23 ಆಯಿತು. ಚಕ್ರಗಳು ದೂರವಾದಷ್ಟೂ ನಡುವಿನ ದಿಬ್ಬ ಹೊಟ್ಟೆಯೊಳಕ್ಕೆ ಬರುತ್ತದೆ. ಗೌಡ್ರ ಜೀಪಿನ ನಡುಮಧ್ಯ, ಇಂಜಿನ್ ಶಕ್ತಿಯನ್ನು ಮುಂದಿನ ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆ ಇದೆಯಲ್ಲ, ಆ ಟ್ರಾನ್ಸ್‌ಫರ್ ಕೇಸಿನ ತಳ ನೆಲದಿಂದ 21 ಸೆಂಟಿಮೀಟರ್.

ಜನವರಿ, ಸಂಕ್ರಾಂತಿ ಮಾರನೇ ದಿನ

ಚಿಕ್ಕಮ್ಮನ ಮಗ ಅಮೆರಿಕದ ಮಿನ್ನೆಸೋಟದಲ್ಲಿದ್ದಾನೆ. ಎಳ್ಳು ಬೆಲ್ಲದ ಶುಭಾಶಯ ಹೇಳೋಕೆ ಫೋನ್ ಮಾಡಿದವನು ಮುಕ್ಕಾಲು ಗಂಟೆ ಮಾತಾಡಿದ, ಯಾಕೆಂದರೆ ಅವನೂ ಇದೇ ಪ್ರಶ್ನೆಯಲ್ಲಿದ್ದಾನೆ. ಅವನದ್ದು ಸ್ನೋಮೊಬೈಲ್. ಮುಂದೆ ಎರಡು ಹಲಗೆ, ಹಿಂದೆ ಹಿಟಾಚಿಯ ಚೈನಿನ ಥರ ಒಂದು ಪಟ್ಟಿ, ಆದರೆ ರಬ್ಬರಿನದ್ದು. ಆ ರಾಜ್ಯದಲ್ಲಿ ಚಳಿಗಾಲಕ್ಕೆ ಅಂತಲೇ 35 ಸಾವಿರ ಕಿಲೋಮೀಟರಿಗೂ ಹೆಚ್ಚು ಸ್ನೋಮೊಬೈಲ್ ದಾರಿಗಳಿವೆಯಂತೆ.

"ಅಕ್ಕಾ, ನಂಗೆ 129 ಇಂಚಿನ ಪಟ್ಟಿ ತಗೊಳ್ಳೋದೋ, 137ರದ್ದೋ ಅಂತ ತಲೆ ಕೆಟ್ಟೋಗಿದೆ."

"129 ಇಂಚು ನೆಲಕ್ಕೆ ತಾಗುತ್ತಾ?"

"ಇಲ್ಲಕ್ಕಾ, ಅದು ಪಟ್ಟಿಯ ಪೂರ್ತಿ ಸುತ್ತಳತೆ. ನೆಲದ ಮೇಲೆ ಕೂರೋದು ಅದರಲ್ಲಿ ಅರ್ಧಕ್ಕಿಂತ ಕಮ್ಮಿ."

ಅವನು ಬಿಡಿಸಿ ಹೇಳಿದ್ದು ಇಷ್ಟು. ಗಿಡ್ಡ ಪಟ್ಟಿ ತಿರುವಿನಲ್ಲಿ ಚುರುಕು, ಹಗುರ. ಉದ್ದ ಪಟ್ಟಿ ಭಾರವನ್ನು ಹೆಚ್ಚು ಜಾಗಕ್ಕೆ ಹಂಚುವುದರಿಂದ ಮೆತ್ತನೆ ಹಿಮದಲ್ಲಿ ಹೂತುಕೊಳ್ಳುವುದಿಲ್ಲ, ಬೆಟ್ಟಕ್ಕೆ ಹೋಗುವವರು 154, 165 ಇಂಚಿನವರೆಗೂ ಹೋಗುತ್ತಾರೆ, ಪಟ್ಟಿಯ ಹಲ್ಲೂ ಎರಡೂವರೆ ಇಂಚು ದಾಟುತ್ತದೆ. ಹದ ಮಾಡಿದ ಗಟ್ಟಿ ದಾರಿಗೆ ಅಷ್ಟು ಉದ್ದ ಹಲ್ಲು ಬೇಡ, ಒಂದೂಕಾಲು ಇಂಚು ಸಾಕು. ಆದರೆ ಆ ಗಟ್ಟಿ ದಾರಿಯೂ ಬೆಳಿಗ್ಗೆ ಇದ್ದ ಹಾಗೆ ಮಧ್ಯಾಹ್ನ ಇರುವುದಿಲ್ಲ. ನೂರಾರು ಗಾಡಿ ಓಡಿ ಸಾಲುಸಾಲು ಉಬ್ಬು ಏಳುತ್ತದೆ. ಗಿಡ್ಡ ಪಟ್ಟಿ ಪ್ರತಿ ಹಳ್ಳಕ್ಕೂ ಇಳಿದು ಹತ್ತುತ್ತದೆ, ಉದ್ದದ್ದು ಒಂದು ಉಬ್ಬಿನಿಂದ ಇನ್ನೊಂದಕ್ಕೆ ಸೇತುವೆ ಹಾಕಿದ ಹಾಗೆ ದಾಟುತ್ತದೆ. ಅವನು ಓಡಿಸುವ ಕಡೆ ತಿರುವುಗಳು ವಿಶಾಲ, ಉಬ್ಬುಗಳು ಜಾಸ್ತಿ. ಹಾಗಾಗಿ 137ಕ್ಕೆ ಮನಸ್ಸು ಮಾಡಿದ್ದಾನೆ. ಸರಿ ಅನ್ನಿಸಿತು.

ಫೋನ್ ಇಟ್ಟ ಮೇಲೆ ನನ್ನ ದಾರಿಯ ಬಗ್ಗೆ ಯೋಚಿಸಿದೆ. ನನ್ನಲ್ಲಿ ತಿರುವೇ ಬಿಗಿ, ಉಬ್ಬು ಇರುವುದು ಒಂದೇ ಕಡೆ, ಅದೂ ಸೇತುವೆ ಹಾಕಲಾಗದ ಉಬ್ಬು.

ಜನವರಿ ಕೊನೆ

ಎರಡೂ ಜೀಪುಗಳನ್ನು ಒಂದೇ ದಿನ ಓಡಿಸಿದೆ. ಗೌಡ್ರು ತಮ್ಮದನ್ನು ಕೊಟ್ಟರು. ಮೂಡಿಗೆರೆಯ ಒಬ್ಬರು ಮಾರಲಿಟ್ಟಿದ್ದ ಶಾರ್ಟ್ ಚಾಸಿ ಜೀಪನ್ನು ಗ್ಯಾರೇಜಿನ ಸಾಬ್ರು ತಂದಿದ್ದರು. ಅದಕ್ಕೂ ಹೊಟ್ಟೆಯ ಕೆಳಗೆ 21 ಸೆಂಟಿಮೀಟರೇ ಇತ್ತು.

ಮೊದಲು ಉದ್ದದ್ದು. ಕಣದ ಏರಿನಲ್ಲಿ ಅದರ ನಡಿಗೆ ನೋಡಬೇಕು! ಮೂಗು ನೆಲಕ್ಕೆ ಅಂಟಿಕೊಂಡೇ ಹತ್ತಿತು, ಹಿಂದೆ ಮೂರು ಜನ ಕೂತಿದ್ದರೂ ಸ್ಟೇರಿಂಗ್ ಹಗುರಾಗಲಿಲ್ಲ. ಮೋರಿ ಹತ್ತಿರ ಬಂದಾಗ ಲೆಕ್ಕ ಗೊತ್ತಿದ್ದೂ ನಿಧಾನಕ್ಕೆ ಬಿಟ್ಟೆ. ಮುಂದಿನ ಚಕ್ರ ಇಳಿಯುತ್ತಿದ್ದ ಹಾಗೆ ಕೆಳಗಿಂದ ಕರ್ರ್ ಅಂತ ಕಲ್ಲು ಉಜ್ಜಿದ ಸದ್ದು. ಗಾಡಿ ನಿಂತಿತು. ನೆತ್ತಿಯ ಚಪ್ಪಡಿಯ ಮೇಲೆ ಟ್ರಾನ್ಸ್‌ಫರ್ ಕೇಸಿನ ತಳ ಕೂತುಬಿಟ್ಟಿತ್ತು. ಜಾಕ್ ಕೊಟ್ಟು ಚಕ್ರದ ಕೆಳಗೆ ಕಲ್ಲು ತುಂಬಿ ಇಳಿಸುವಷ್ಟರಲ್ಲಿ ಅರ್ಧ ಗಂಟೆ. ಚಪ್ಪಡಿಯ ಮೇಲೆ ಎರಡು ಬೆರಳಗಲದ ಬೆಳ್ಳಗಿನ ಗೀಚು ಈಗಲೂ ಇದೆ. ಗೌಡ್ರು, "ಬಿಡು ಮಗಾ, ಅದು ಕಬ್ಬಿಣ," ಅಂದರು. ನನಗೆ ಮಾತ್ರ ತುಂಬಾ ಬೇಜಾರಾಯಿತು, ಇನ್ನೊಬ್ಬರ ಗಾಡಿ.

ಗಿಡ್ಡ ಜೀಪು ಮೋರಿಯನ್ನು ಮುಟ್ಟದೆ ದಾಟಿತು, ಐದನೇ ತಿರುವನ್ನು ಒಂದೇ ಸಲಕ್ಕೆ ತಿರುಗಿತು. ಆದರೆ ಕಣದ ಏರಿನಲ್ಲಿ ಹಿಂದೆ ಭಾರ ಹಾಕಿದ ಕೂಡಲೇ ಮುಂದಿನ ಚಕ್ರ ಹಗುರಾಗಿ, ಸ್ಟೇರಿಂಗ್ ತಿರುಗಿಸಿದರೂ ಮೂಗು ಸೊಟ್ಟ ಹೋಗುತ್ತಿತ್ತು. ಕುಲುಕಾಟವಂತೂ ಹೇಳತೀರದು. ಮುಂದಿನ ಚಕ್ರ ಗುಂಡಿಯಿಂದ ಎದ್ದ ಮರುಗಳಿಗೆ ಹಿಂದಿನದು ಬೀಳುತ್ತದೆ, ಸೊಂಟಕ್ಕೆ ಬಿಡುವೇ ಇಲ್ಲ.

ಇಷ್ಟಾದರೂ ಗಿಡ್ಡದ್ದೇ. ಕುಲುಕಾಟಕ್ಕೆ ಮದ್ದು ಇದೆ, ಏರಿಗೆ ಹಿಂದಿನ ಭಾರ ಇಳಿಸಬಹುದು. ಮೋರಿ ಮತ್ತು ತಿರುವು ಇದ್ದ ಹಾಗೇ ಇರುತ್ತವೆ.

ಫೆಬ್ರವರಿ

ಕಾಗದಪತ್ರದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಮೂಡಿಗೆರೆಯದ್ದಕ್ಕಿಂತ ಮೊದಲು ಹಾಸನದಲ್ಲಿ ಒಂದನ್ನು ನೋಡಿದ್ದೆ, ನೋಡಲು ಬಲು ಚೆಂದ. ಇಂಜಿನ್ ನಂಬರು ಆರ್‌ಸಿಯಲ್ಲಿ ಇದ್ದದ್ದಕ್ಕೆ ಹೊಂದಲಿಲ್ಲ, ಬಿಟ್ಟು ಬಂದೆ. ಇನ್ನೊಂದು ಕಡೆ "ಉದ್ದ ಚಾಸಿ ತಗೊಳ್ಳಿ, ಕತ್ತರಿಸಿ ಗಿಡ್ಡ ಮಾಡಿಕೊಡ್ತೀವಿ" ಅಂದರು. ದಯವಿಟ್ಟು ಯಾರೂ ಮಾಡಿಸಬೇಡಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ಮೂಲ ವಿವರ ಬದಲಾಗುವ ಹಾಗೆ ಗಾಡಿ ಮಾರ್ಪಡಿಸುವ ಹಾಗಿಲ್ಲ. ಕಾನೂನು ಹೋಗಲಿ, ವೆಲ್ಡಿಂಗ್ ಮಾಡಿದ ಚಾಸಿಯ ಮೇಲೆ ಮನೆಯವರನ್ನು ಕೂರಿಸಿಕೊಂಡು ಇಳಿಜಾರು ಇಳಿಯಲು ನನಗೆ ಧೈರ್ಯ ಇಲ್ಲ. ಮೂಡಿಗೆರೆಯ ಜೀಪಿಗೆ ಆರ್‌ಸಿ ನವೀಕರಣವಾಗಿತ್ತು, ನಂಬರುಗಳು ಹೊಂದಿದವು. ಅದನ್ನೇ ಮನೆಗೆ ತಂದೆ.

ಇನ್ನು ಕುಲುಕಾಟದ ಮದ್ದು. ಹಿಂದಿನ ಸ್ಪ್ರಿಂಗ್ ಬಿಚ್ಚಿದರೆ ಹನ್ನೊಂದು ಪ್ಲೇಟು, ಅದರಲ್ಲಿ ಕೆಳಗಿನ ಎರಡು ಬೇರೆ ಯಾವುದೋ ಗಾಡಿಯ ದಪ್ಪ ಪ್ಲೇಟುಗಳು. ಹಿಂದಿನ ಮಾಲೀಕರು ಗೊಬ್ಬರದ ಚೀಲ ಹೊರಲು ಸೇರಿಸಿದ್ದು. ಪ್ಲೇಟುಗಳ ನಡುವೆ ತುಕ್ಕು ಹಿಡಿದು ಒಂದಕ್ಕೊಂದು ಕಚ್ಚಿಕೊಂಡಿತ್ತು, ಜಾರುವುದೇ ಇಲ್ಲ. ಸಾಬ್ರು ಆ ಎರಡನ್ನು ತೆಗೆದರು, ಉಳಿದ ಒಂಬತ್ತನ್ನು ಉಜ್ಜಿ ಗ್ರೀಸ್ ಹಚ್ಚಿ, ಹೊಸ ಸೆಂಟರ್ ಬೋಲ್ಟ್, ಶ್ಯಾಕಲ್ ಬುಷ್ ಹಾಕಿ ಕಟ್ಟಿದರು. ಓಡಿಸಿದರೆ ಬೇರೆಯೇ ಗಾಡಿ. ಸಂಜೆ ಟೇಪು ಹಿಡಿದಾಗ ಗೊತ್ತಾಯಿತು: ಹೊಟ್ಟೆಯ ಕೆಳಗಿನ ಎತ್ತರ 21ರಿಂದ 19ಕ್ಕೆ ಇಳಿದಿದೆ. ಮೋರಿಯ ಉಬ್ಬು 19. ಯಾವ ಕಾರಣಕ್ಕೆ ಗಿಡ್ಡ ಜೀಪು ತಂದೆನೋ ಅದನ್ನೇ ಕಳೆದುಕೊಂಡ ಹಾಗಾಯಿತು.

ಪ್ಲೇಟುಗಳನ್ನು ಹಾಸನದ ಲಾರಿ ಸ್ಪ್ರಿಂಗ್ ಅಂಗಡಿಗೆ ಒಯ್ದು ಕಮಾನು ಏರಿಸಿಕೊಂಡು ಬಂದೆವು. ಜಾಸ್ತಿ ಏರಿಸಿದರೆ ಚಕ್ರಗಳಿಗೆ ಶಕ್ತಿ ಒಯ್ಯುವ ಉದ್ದ ಕಂಬಿಯ, ಅಂದರೆ ಪ್ರೊಪೆಲ್ಲರ್ ಶಾಫ್ಟಿನ ಕೋನ ಹೆಚ್ಚಿ ನಡುಕ ಶುರುವಾಗುತ್ತದೆ ಅಂತ ಸಾಬ್ರು ಮೊದಲೇ ಎಚ್ಚರಿಸಿದ್ದರು. ಈಗ 22 ಸೆಂಟಿಮೀಟರ್, ನಡುಕ ಇಲ್ಲ.

ಮಾರ್ಚ್, ಎರಡನೇ ವಾರ

ಈ ವಾರದ ಕೆಲಸ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ತಮ್ಮ ಹೇಳಿದ್ದ ಉದ್ದ ಪಟ್ಟಿಯ ಮಾತು ತಲೆಯಲ್ಲೇ ಕೂತಿತ್ತು: ನೆಲಕ್ಕೆ ತಾಗುವ ಉದ್ದ. ಚಾಸಿ ಗಿಡ್ಡ ಇದ್ದರೂ ಟೈರಿನ ತಾಗುವ ಉದ್ದ ಹೆಚ್ಚಿಸಬಹುದಲ್ಲ, ಗಾಳಿ ಇಳಿಸಿ?

ಕಣ ಖಾಲಿಯಿದ್ದ ಸಂಜೆ ಗುಡಿಸಿ, ಅಮ್ಮನ ರಂಗೋಲಿ ಪುಡಿಯನ್ನು ಜರಡಿಯಲ್ಲಿ ತೆಳ್ಳಗೆ ಉದುರಿಸಿದೆ. ಜೀಪನ್ನು ಜಾಕಿನಲ್ಲಿ ಎತ್ತಿ ಅದರ ಮೇಲೆ ನೆಟ್ಟಗೆ ಇಳಿಸಿ ಮತ್ತೆ ಎತ್ತಿದೆ. 6.00-16 ಅಳತೆಯ ಟೈರು, ಗಾಳಿಯ ಒತ್ತಡ 30 ಪಿಎಸ್‌ಐ. ಬಿಳಿ ಪುಡಿಯಲ್ಲಿ ಹಲ್ಲುಗಳ ಗುರುತು ಮೊಟ್ಟೆಯಾಕಾರಕ್ಕೆ ಮೂಡಿತ್ತು, ಅಂಚಿನ ಹಲ್ಲುಗಳದ್ದು ಬರೀ ನೆರಳಿನಷ್ಟು. ಉದ್ದ 16 ಸೆಂಟಿಮೀಟರ್. ಗಾಳಿಯನ್ನು 20ಕ್ಕೆ ಇಳಿಸಿ ಮತ್ತೆ ಪುಡಿ ಉದುರಿಸಿದೆ: 20 ಸೆಂಟಿಮೀಟರ್, ಅಂಚಿನ ಹಲ್ಲುಗಳೂ ಒತ್ತಿ ಕೂತಿದ್ದವು, ತುದಿಗಳು ಚೌಕಾಕಾರಕ್ಕೆ ತಿರುಗಿದ್ದವು. ಅಮ್ಮ ಪಕ್ಕದಲ್ಲಿ ನಿಂತು ನೋಡಿ, "ಹೆಜ್ಜೆ ಅಗಲ ಆಯ್ತಲ್ಲ," ಅಂದರು. ಅದಕ್ಕಿಂತ ಸರಿಯಾಗಿ ಹೇಳಲು ಬರುವುದಿಲ್ಲ.

20ಕ್ಕಿಂತ ಕೆಳಗೆ ಹೋಗಲಿಲ್ಲ. ಟ್ಯೂಬ್ ಇರುವ ಟೈರಿನಲ್ಲಿ ಗಾಳಿ ತೀರಾ ಕಮ್ಮಿಯಾದರೆ ರಿಮ್ಮಿನ ಮೇಲೆ ಟೈರು ಜಾರಿ, ವಾಲ್ವು ಬುಡದಲ್ಲೇ ಕಿತ್ತುಹೋಗುತ್ತದೆ. ಟಾರಿಗೆ ಹೋಗುವ ಮುಂಚೆ ಮತ್ತೆ ಗಾಳಿ ತುಂಬಬೇಕು, ಅದಕ್ಕೊಂದು ಕಾಲುಪಂಪು ಸೀಟಿನ ಕೆಳಗೆ ಇಟ್ಟಿದ್ದೇನೆ. ಗಾಳಿ ಇಳಿಸಿದ್ದರಿಂದ ಎತ್ತರ ಒಂದು ಸೆಂಟಿಮೀಟರ್ ಕಮ್ಮಿಯಾಗಿ 21ಕ್ಕೆ ಬಂತು. ಮೋರಿಗೆ ಇನ್ನೂ ಎರಡು ಸೆಂಟಿಮೀಟರ್ ಉಳಿದಿದೆ.

ಕಣದ ಏರನ್ನು ಇಬ್ಬರೇ ಕೂತು, ಲೋ ಗೇರಿನಲ್ಲಿ ಹತ್ತಿದೆವು. ಮೂಗು ಸೊಟ್ಟ ಹೋಗಲಿಲ್ಲ.

ಮಾರ್ಚ್ ಕೊನೆ

ಮೊನ್ನೆ ರಾತ್ರಿ ಕಾಫಿ ಹೂ ಅರಳಿಸುವ ಹೂಮಳೆ ಬಂತು, ಒಂದು ಇಂಚು. ರೊಬಸ್ಟಾಕ್ಕೆ ಒಳ್ಳೇ ಹದ, ಅಪ್ಪನ ಮುಖದಲ್ಲಿ ನಗು. ಬೆಳಿಗ್ಗೆ ಒದ್ದೆ ನೆಲದಲ್ಲಿ ಇಳಿದು ನೋಡಿದೆ. ಐದನೇ ತಿರುವಿನ ಮೇಲಿನ ಇಳಿಜಾರಿನಲ್ಲಿ ಸ್ವಲ್ಪವೇ ಬ್ರೇಕ್ ಮುಟ್ಟಿದ್ದಕ್ಕೆ ಹಿಂಭಾಗ ಒಂದು ಮೊಳ ಹೊರಕ್ಕೆ ಸರಿಯಿತು. ಚಾಸಿ ಗಿಡ್ಡವಿದ್ದರೆ ಹೀಗೆ ತಿರುಗುವುದು ಬೇಗ, ಕೈ ಸರಿಮಾಡಲು ಸಮಯ ಕೊಡುವುದಿಲ್ಲ. ಬ್ರೇಕು ಬಿಟ್ಟು, ಕ್ಲಚ್ ಮುಟ್ಟದೆ, ಫೋರ್ ವೀಲ್ ಲೋ ಒಂದನೇ ಗೇರಿನಲ್ಲಿ ಇಂಜಿನ್ ಹಿಡಿತದ ಮೇಲೆ ಇಳಿಸಿದೆ. ಎರಡನೇ ಸಲ, ಮೂರನೇ ಸಲ ನೆಟ್ಟಗೆ ಇಳಿಯಿತು.

ಆದರೆ ಆ ಒಂದು ಮೊಳ ಮರೆಯುವ ಹಾಗಿಲ್ಲ. ಸಾಬ್ರಿಗೆ ಫೋನ್ ಮಾಡಿ ಹಿಂದಿನ ಬ್ರೇಕ್ ಶೂ ಎರಡೂ ಬದಿಗೆ ಸಮ ಹಿಡಿಯುತ್ತವಾ ನೋಡಲು ಹೇಳಿದ್ದೇನೆ. ರೋಲ್ ಬಾರ್ ಮತ್ತು ಸೀಟ್ ಬೆಲ್ಟ್ ಹಾಕದೆ ಅಪ್ಪ ಅಮ್ಮನನ್ನು ಈ ಇಳಿಜಾರಿಗೆ ಕೂರಿಸುವುದಿಲ್ಲ. ಯಾವ ಬಗೆಯ ರೋಲ್ ಬಾರಿಗೆ ಕಾನೂನು ಒಪ್ಪುತ್ತದೆ ಅಂತ ಸೋಮವಾರ ಆರ್‌ಟಿಒ ಕಚೇರಿಯಲ್ಲಿ ಕೇಳಿಕೊಂಡು ಬಂದು, ಆಮೇಲೆ ಪೈಪಿನ ಅಳತೆ ತೆಗೆಯುವುದು.