ಚೆಲ್ಲೋಗೆ ನಾಲ್ಕೂ ತಂತಿಗಳಿದ್ದವು

"ಅಮ್ಮಾ, ನೀನು ಹೇಳಿದ್ದನ್ನು ಈಗ ನಾನು ಮರೆಯುವುದು ಹೇಗೆ?"

ಕಳೆದ ತಿಂಗಳ ಒಂದು ಭಾನುವಾರ, ಕೆಳಮನೆಯಿಂದ ನಮ್ಮ ಮನೆಗೆ ಮೆಟ್ಟಿಲು ಹತ್ತುತ್ತಿರುವಾಗ ನನ್ನ ಒಂಬತ್ತು ವರ್ಷದ ಮಗಳು ಕೇಳಿದ ಪ್ರಶ್ನೆಯಿದು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಬಟ್ಟೆಯ ಮೇಲೆ ಬಿದ್ದ ಕಲೆಯನ್ನು ತೊಳೆಯುವ ಬಗೆಯನ್ನು ವಿಚಾರಿಸುವವಳಂತೆ, ನನಗೆ ಅದರ ಉಪಾಯ ಗೊತ್ತಿದ್ದೇ ಇರುತ್ತದೆ ಎಂಬ ನಂಬಿಕೆಯಿಂದಲೇ ಕೇಳಿದ್ದಳು. ನನಗೆ ಗೊತ್ತಿರಲಿಲ್ಲ.

ಜರ್ಮನಿಯಲ್ಲಿ ನಾವಿರುವ ಕಟ್ಟಡದ ಕೆಳಮನೆಯ ಹಿರಿಯ ಮಹಿಳೆ ಒಂದು ಕಾಲಕ್ಕೆ ಚೆಲ್ಲೋ ಎಂಬ, ಪಿಟೀಲಿನ ಜಾತಿಯ ದೊಡ್ಡ ತಂತಿವಾದ್ಯವನ್ನು ಕಲಿಸುತ್ತಿದ್ದವರು. ಆ ದಿನ ಅವರ ಗೆಳತಿಯೊಬ್ಬರು ಬಂದು ಪಿಯಾನೋದ ಮುಂದೆ ಕುಳಿತಿದ್ದರು. ಇಬ್ಬರೂ ಸೇರಿ ನುಡಿಸಿದ್ದು ಬಹಳ ನಿಧಾನವಾದ ಒಂದು ರಚನೆ. ಪಿಯಾನೋ ಒಂದೇ ನಡಿಗೆಯಲ್ಲಿ ಸ್ವರಗುಚ್ಛಗಳನ್ನು ಮೆಲ್ಲಗೆ ಊರುತ್ತಾ ಹೋಗುತ್ತದೆ. ಅದರ ಮೇಲೆ ಚೆಲ್ಲೋ ಉಸಿರು ಮುಗಿಯಿತೇನೋ ಎನ್ನಿಸುವಷ್ಟು ದೀರ್ಘವಾದ ಒಂದು ಎಳೆಯನ್ನು ಎಳೆಯುತ್ತಲೇ ಇರುತ್ತದೆ. ಸ್ವರಲಿಪಿಯ ಮೇಲೆ ರಚನಕಾರ ಬರೆದಿರುವ ಸೂಚನೆಯೇ 'ಅನಂತವಾಗಿ ನಿಧಾನ' ಎಂದು. ಮಗಳು ನೆಲಹಾಸಿನ ಮೇಲೆ ಅಂಗಾತ ಮಲಗಿ ಕೇಳಿದಳು. ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಇನ್ನೊಮ್ಮೆ ನುಡಿಸುತ್ತೀರಾ ಎಂದು ಕೇಳಿದಳು.

ಅಲ್ಲಿಗೆ ನಾನು ಬಾಯಿ ಮುಚ್ಚಿಕೊಂಡಿದ್ದರೆ ಈ ಬರಹಕ್ಕೆ ಕಾರಣವೇ ಇರುತ್ತಿರಲಿಲ್ಲ. ಅವರು ಎರಡನೆಯ ಸಲಕ್ಕೆ ಅಣಿಯಾಗುತ್ತಿದ್ದಾಗ ನಾನು ಮಗಳ ಪಕ್ಕದಲ್ಲಿ ಕುಳಿತು, ಯಾರೂ ಕೇಳದಿದ್ದರೂ, ಆ ಸಂಗೀತದ ಕಥೆಯನ್ನು ಹೇಳಿದೆ. ಅದು ಫ್ರಾನ್ಸಿನ ಒಲಿವಿಯೆ ಮೆಸ್ಸಿಯಾನ್ ಎರಡನೆಯ ಮಹಾಯುದ್ಧದ ಸಮಯದಲ್ಲಿ ಸೆರೆಯಾಳಾಗಿ, ಗ್ಯೋರ್ಲಿಟ್ಸ್ ಎಂಬಲ್ಲಿನ ಬಂದಿಶಿಬಿರದಲ್ಲಿದ್ದಾಗ ಪೂರ್ಣಗೊಳಿಸಿದ, ಎಂಟು ಭಾಗಗಳ 'ಕಾಲದ ಅಂತ್ಯಕ್ಕೊಂದು ಚತುರ್ವಾದ್ಯ'ದ ಐದನೆಯ ಭಾಗ. ಅದನ್ನು ಮೊದಲು ನುಡಿಸಿದ್ದು 1941ರ ಜನವರಿ 15ರಂದು, ಅದೇ ಶಿಬಿರದಲ್ಲಿ, ಕೊರೆಯುವ ಚಳಿಯಲ್ಲಿ. ಪಿಯಾನೋದ ಮುಂದೆ ಕುಳಿತಿದ್ದವನು ಮೆಸ್ಸಿಯಾನ್. ಪಿಟೀಲು, ಕ್ಲಾರಿನೆಟ್ ಮತ್ತು ಚೆಲ್ಲೋ ಹಿಡಿದಿದ್ದವರು ಅವನಂತೆಯೇ ಸೆರೆಸಿಕ್ಕ ಮೂವರು. ಪಾಪ, ಆ ಚೆಲ್ಲೋಗೆ ಮೂರೇ ತಂತಿಗಳಿದ್ದವು ಎಂದೂ ಸೇರಿಸಿದೆ. ಎರಡನೆಯ ಸಲ ಕೇಳುವಾಗ ನನ್ನ ಕಣ್ಣು ತುಂಬಿ ಬಂತು. ಮಗಳು ಎದ್ದು, ಮೊಣಕಾಲುಗಳನ್ನು ಅಪ್ಪಿಕೊಂಡು ಗೋಡೆಗೆ ಒರಗಿ ಕುಳಿತಿದ್ದಳು. ಮೆಟ್ಟಿಲ ಮೇಲೆ ಅವಳು ಹೇಳಿದ್ದಿಷ್ಟು: ಮೊದಲ ಸಲ ಕೇಳಿದಾಗ ಆ ಹಾಡು ತುಂಬಾ ಚೆನ್ನಾಗಿತ್ತು, ಎರಡನೆಯ ಸಲ ಬರೀ ಮುಳ್ಳುತಂತಿಯ ಬೇಲಿಯೇ ಕಾಣಿಸಿತು, ಹಾಡು ಕೇಳಿಸಲೇ ಇಲ್ಲ.

ಎರಡು ದಿನಗಳ ನಂತರ ನೆಲಮಾಳಿಗೆಯಲ್ಲಿ ಬಟ್ಟೆ ಹರವುತ್ತಿದ್ದಾಗ ಆ ಹಿರಿಯರು ಸಿಕ್ಕರು. ಅಂದು ತಮ್ಮ ಮನೆಯಲ್ಲಿ ನನ್ನ ಮಾತನ್ನು ತಡೆಯುವುದು ಸರಿಯಲ್ಲವೆಂದು ತಾವು ಸುಮ್ಮನಿದ್ದುದಾಗಿ ಹೇಳಿ, ಮೊದಲೇ ಕ್ಷಮೆ ಕೇಳಿ, "ಆ ಚೆಲ್ಲೋಗೆ ನಾಲ್ಕೂ ತಂತಿಗಳಿದ್ದವು. ಅದನ್ನು ನುಡಿಸಿದವರೇ ಹಾಗೆಂದು ಹೇಳಿದ್ದಾರೆ" ಎಂದರು. ಮೂರು ತಂತಿಯ ಮಾತನ್ನು ಮೆಸ್ಸಿಯಾನ್ ಮುಂದೆ ತಾನೇ ಹೇಳಿಕೊಂಡು ಬಂದ. ಐದು ಸಾವಿರ ಸೆರೆಯಾಳುಗಳು ಕೇಳಿದರು ಎಂದೂ ಹೇಳಿದ, ಆದರೆ ಆ ಮರದ ಕೊಟ್ಟಿಗೆಯಲ್ಲಿ ಹಿಡಿಸುತ್ತಿದ್ದುದು ಕೆಲವೇ ನೂರು ಜನ. ಅದಕ್ಕಿಂತ ದೊಡ್ಡ ಪೆಟ್ಟು ಆಮೇಲೆ ಬಂತು. ನಾನು ಅತ್ತ ಆ ಐದನೆಯ ಭಾಗ ಶಿಬಿರದಲ್ಲಿ ಹುಟ್ಟಿದ್ದೇ ಅಲ್ಲ. ಅದರ ರಾಗವನ್ನು ಅವನು 1937ರ ಪ್ಯಾರಿಸ್ ಪ್ರದರ್ಶನಕ್ಕಾಗಿ ಬರೆದಿದ್ದ. ಸೇನ್ ನದಿಯ ಮೇಲೆ ಕಾರಂಜಿ, ದೀಪ ಮತ್ತು ಬಾಣಬಿರುಸುಗಳ ಉತ್ಸವಕ್ಕೆ, ಓಂಡ್ ಮಾರ್ತನೋ ಎಂಬ ಆರು ವಿದ್ಯುತ್ ವಾದ್ಯಗಳಿಗಾಗಿ ಬರೆದಿದ್ದ ಸಂಗೀತದ ಭಾಗವದು. ಕೇಳಿದವರು ಕಣ್ಣೊರೆಸಿಕೊಳ್ಳುವ ಇನ್ನೊಂದು ಭಾಗ, ಕೊನೆಯದು, 1930ರ ಆರ್ಗನ್ ರಚನೆಯೊಂದರಿಂದ ತೆಗೆದದ್ದು.

ಹಾಗಾದರೆ ನಾನು ಅತ್ತದ್ದು ಯಾವುದಕ್ಕೆ? ಕಾರಂಜಿಗೆ ಬರೆದ ಸಂಗೀತವನ್ನು ಕೇಳಿ ಸೆರೆಮನೆಗಾಗಿ ಅತ್ತೆನೆಂದಾಯಿತು. ಕೆಲವು ದಿನ ಇದು ಮೋಸಹೋದವರ ನಾಚಿಕೆಯಂತೆ ನನ್ನನ್ನು ಕಾಡಿತು. ಆ ಸೆರೆವಾಸ ಸುಳ್ಳಲ್ಲ, ಆ ಚಳಿಯೂ ಸುಳ್ಳಲ್ಲ. ಮನುಷ್ಯನೊಬ್ಬ ಹಳೆಯ ಸಂತೋಷವೊಂದನ್ನು ನೆನಪಿನಿಂದ ತೆಗೆದು ಅಂತಹ ಜಾಗದಲ್ಲಿ ಮತ್ತೆ ನುಡಿಸಿದ ಎಂಬುದು, ಯೋಚಿಸಿದರೆ, ನಾನು ಹೇಳಿದ ಕಥೆಗಿಂತ ದೊಡ್ಡದು. ಆದರೆ ಹೀಗೆ ಸಮಾಧಾನ ಹೇಳಿಕೊಳ್ಳುತ್ತಿರುವಾಗಲೂ ನಾನು ಇನ್ನೊಂದು ಕಥೆಯನ್ನೇ ಹೆಣೆಯುತ್ತಿದ್ದೆ, ಸಂಗೀತವನ್ನು ಕೇಳುತ್ತಿರಲಿಲ್ಲ.

ಈ ಚಟ ನನಗೆ ಅಂಟಿದ್ದು ಎಲ್ಲಿಂದ ಎಂಬುದು ನನಗೆ ಗೊತ್ತು. ನನಗೆ ಸಂಗೀತ ಕಲಿಸಿದ ಮೇಷ್ಟರು ಕಥೆಯಿಲ್ಲದೆ ಒಂದು ಕೃತಿಯನ್ನೂ ಆರಂಭಿಸಿದವರಲ್ಲ. ಅಮೃತವರ್ಷಿಣಿಯನ್ನು ಕಲಿಸಿದ ದಿನ, ಬರದಿಂದ ಬಿರಿದ ಎಟ್ಟಯಪುರದ ನೆಲವನ್ನು ಕಂಡು ಮುತ್ತುಸ್ವಾಮಿ ದೀಕ್ಷಿತರು ಆ ರಾಗದಲ್ಲಿ ಹಾಡಿ ಮಳೆ ತರಿಸಿದ ಐತಿಹ್ಯವನ್ನು ಕಣ್ಣಿಗೆ ಕಟ್ಟುವಂತೆ ಹೇಳಿದರು. ಅವರು ಹಾಡುತ್ತಿದ್ದಷ್ಟು ಹೊತ್ತೂ ನಾನು ಕಿಟಕಿಯಾಚೆ ಮೋಡವನ್ನು ಹುಡುಕುತ್ತಿದ್ದೆ. ರಿಷಭವೂ ಧೈವತವೂ ಇಲ್ಲದ ಐದೇ ಸ್ವರಗಳ ರಾಗವದು; ಆ ಎರಡು ಖಾಲಿ ಜಾಗಗಳನ್ನು ದಾಟಿ ಷಡ್ಜದಿಂದ ಗಾಂಧಾರಕ್ಕೆ, ಪಂಚಮದಿಂದ ನಿಷಾದಕ್ಕೆ ನೆಗೆಯುವಾಗಿನ ಹೊಳಪು ನನ್ನ ಕಿವಿಗೆ ಬಿದ್ದದ್ದು ಎಷ್ಟೋ ವರ್ಷಗಳ ನಂತರ, ಮೇಷ್ಟರು ತೀರಿಹೋದ ಮೇಲೆ. ಈಗ ಅದನ್ನು ಕೇಳುವಾಗ ಅವರ ದನಿ ನೆನಪಾಗಿ ಗಂಟಲು ಕಟ್ಟುತ್ತದೆ. ನೋಡಿ, ಇದೂ ಒಂದು ಹಿನ್ನೆಲೆಯೇ. ಯಾವ ಪುಸ್ತಕದಲ್ಲೂ ಇಲ್ಲದ ಈ ಹಿನ್ನೆಲೆಯನ್ನು ಕಳಚಿಟ್ಟು ಕೇಳು ಎಂದರೆ ನನ್ನಿಂದ ಆಗದು, ಆಗುವುದು ನನಗೆ ಬೇಕಾಗಿಯೂ ಇಲ್ಲ.

ನಮ್ಮವರ ಕಛೇರಿಗಳಲ್ಲಿ ಆಲಾಪನೆ ಆರಂಭವಾಗಿ ಅರೆನಿಮಿಷವೂ ಕಳೆಯುವ ಮುನ್ನ ರಾಗದ ಹೆಸರು ಸಾಲಿನಿಂದ ಸಾಲಿಗೆ ಪಿಸುಮಾತಿನಲ್ಲಿ ಹರಿದುಹೋಗುತ್ತದೆ. ಹೆಸರು ಗೊತ್ತಾದೊಡನೆ ಮುಖಗಳಲ್ಲಿ ಒಂದು ನೆಮ್ಮದಿ, ಮತ್ತೆ ಕೆಲವರಿಗೆ ಫೋನ್ ನೋಡಲು ಬಿಡುವು. ಆ ತಿಳಿವಳಿಕೆಯ ಬಗ್ಗೆ ನನಗೆ ಹೆಮ್ಮೆಯಿದೆ. ರಾಗದ ನಡೆ ಗೊತ್ತಿದ್ದವರಿಗೆ ಗಾಯಕ ಎಲ್ಲಿ ಇಳಿಯಬೇಕಿತ್ತೋ ಅಲ್ಲಿ ಇಳಿಯದೆ ತಡೆದು ನಿಂತಾಗ ಆಗುವ ಪುಳಕ, ಗೊತ್ತಿಲ್ಲದವರಿಗೆ ಆಗಲಾರದು. ಆದರೆ ಆ ತಿಳಿವಳಿಕೆ ಹುಟ್ಟುವುದು ಹಾಡಿನ ಒಳಗಿನಿಂದ, ಕೇಳಿಸಿಕೊಂಡಷ್ಟೂ ಬೆಳೆಯುತ್ತದೆ. ಹಾಡಿನ ಬಾಗಿಲಲ್ಲಿ ನಿಂತು ನಾನು ಮಗಳ ಕೈಗೆ ಕೊಟ್ಟದ್ದು ಆ ಬಗೆಯದಲ್ಲ. ಇಲ್ಲಿ ಅತ್ತುಬಿಡು ಎಂದು ಮೊದಲೇ ಬರೆದಿಟ್ಟ ಚೀಟಿಯದು.

ಇಂತಹ ಚೀಟಿಯ ಬಲ ಸಾಮಾನ್ಯವಾದುದಲ್ಲ. ಪೋಲೆಂಡಿನ ಕ್ರಿಷ್ಟೋಫ್ ಪೆಂಡೆರೆಟ್ಸ್ಕಿ 1960ರ ಸುಮಾರಿಗೆ 52 ತಂತಿವಾದ್ಯಗಳಿಗಾಗಿ, ಕಿವಿಯನ್ನು ಗೀರುವಂತಹ ಒಂದು ರಚನೆ ಮಾಡಿ ಅದಕ್ಕೆ '8 ನಿಮಿಷ 37 ಸೆಕೆಂಡು' ಎಂದು ಅದರ ಅವಧಿಯನ್ನೇ ಹೆಸರಾಗಿ ಇಟ್ಟ. ಆಮೇಲೆ ಅದು ಹಿರೋಷಿಮಾದಲ್ಲಿ ಮಡಿದವರ ಶೋಕಗೀತೆ ಎಂಬ ಹೆಸರು ಪಡೆಯಿತು. ಇಂದು ಅದನ್ನು ಕೇಳುವ ಯಾರಿಗಾದರೂ ವಿಮಾನದ ಮೊರೆತ ಮತ್ತು ಜನರ ಚೀತ್ಕಾರವಲ್ಲದೆ ಬೇರೇನು ಕೇಳಿಸೀತು? ನನಗಂತೂ ಕೇಳಿಸುವುದಿಲ್ಲ. ಹೆಸರು ಬದಲಿಸಿದ್ದು ತಪ್ಪೆಂದೂ ನಾನು ಹೇಳಲಾರೆ. ಮಡಿದವರಿಗೆ ಸಲ್ಲಿಸಿದ ಗೌರವವನ್ನು ಹಿಂದಕ್ಕೆ ಪಡೆಯುವುದು ಹೇಗೆ? ಮಗಳ ಪ್ರಶ್ನೆ ಮಾತ್ರ ಅಲ್ಲಿಯೂ ಹಾಗೆಯೇ ನಿಂತಿರುತ್ತದೆ. ತಿಳಿಯದೆ ಇದ್ದವರು ತಿಳಿದುಕೊಳ್ಳಬಹುದು, ತಿಳಿದವರು ತಿಳಿಯದ ಕಿವಿಗೆ ಮರಳುವ ದಾರಿಯಿಲ್ಲ.

ಕಾರಂಜಿಯ ವಿಷಯವನ್ನು ಅವಳಿಗೆ ಹೇಳಿದರೆ ಮುಳ್ಳುತಂತಿ ಅಳಿಸಿಹೋದೀತೆಂದು ಒಂದು ಕ್ಷಣ ಆಸೆಯಾಯಿತು. ಹೇಳಲಿಲ್ಲ. ಒಂದು ಚಿತ್ರದ ಮೇಲೆ ಇನ್ನೊಂದು ಚಿತ್ರವನ್ನು ಅಂಟಿಸಿದಂತಾಗುತ್ತಿತ್ತು. ತಂತಿಗಳ ಲೆಕ್ಕವನ್ನು ಮಾತ್ರ ತಿದ್ದಿ ಹೇಳಿದೆ, ಅದು ಸಾಲವಿತ್ತು.

ಮೊನ್ನೆ ಭಾನುವಾರ ಮತ್ತೆ ಕೆಳಮನೆಗೆ ಹೋಗಿದ್ದೆವು. ಅವಳು ಯಾರನ್ನೂ ಕೇಳದೆ ನೇರವಾಗಿ ಚೆಲ್ಲೋದ ಬಳಿ ಹೋಗಿ ನಿಂತಳು. ಹಿರಿಯರು ತಲೆಯಾಡಿಸಿದ ಮೇಲೆ ತಂತಿಗಳನ್ನು ಒಂದೊಂದಾಗಿ ಬೆರಳಿನಿಂದ ಮೀಟಿದಳು. ನಾಲ್ಕನೆಯದು, ಎಲ್ಲಕ್ಕಿಂತ ದಪ್ಪನೆಯದು, ಅವಳು ಒರಗಿ ನಿಂತಿದ್ದ ಕುರ್ಚಿಯನ್ನೂ ಗುಂಯ್‌ಗುಡಿಸಿತು. ಅವಳು ಕುರ್ಚಿಯ ಬೆನ್ನಿನ ಮೇಲೆ ಅಂಗೈಯಿಟ್ಟು, ಕಂಪನ ಪೂರ್ತಿ ನಿಲ್ಲುವವರೆಗೂ ಕಾದು, ಮತ್ತೆ ಅದೇ ತಂತಿಯನ್ನು ಮೀಟಿದಳು. ನಾನು ಏನೋ ಹೇಳಲು ಬಾಯಿ ತೆರೆದೆ. ಅವಳು ನನ್ನತ್ತ ತಿರುಗದೆಯೇ, "ಆಮೇಲೆ ಅಮ್ಮಾ" ಎಂದಳು.